ಬಾಯಲ್ಲಿ ಮಾಡಿ ತೋರಿಸಿ

ಕೇಳುಗರಿಗೆ ನಮಸ್ಕಾರ.

ಹೋದ ತಿಂಗಳು ಒಂದು ಶನಿವಾರ ಬೆಳಿಗ್ಗೆ, ಬೆಂಗಳೂರಿನ ಎಸ್.ಪಿ. ರಸ್ತೆಯ ಓಣಿಯೊಂದರಲ್ಲಿ, ಸ್ಪೀಕರ್ ರಿಪೇರಿ ಅಂಗಡಿಯ ಮುಂದೆ ನಿಂತು ನಾನು ‘ಝರ್ರ್... ಝರ್ರ್...’ ಅಂತ ಸದ್ದು ಮಾಡುತ್ತಿದ್ದೆ. ನನಗೆ 64 ವರ್ಷ. ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳಿ ನಿವೃತ್ತಳಾದವಳು. ಹೆಗಲ ಮೇಲೆ ಕೇಬಲ್ ಸುರುಳಿ ಹೊತ್ತಿದ್ದ ಹುಡುಗನೊಬ್ಬ ಒಂದು ಕ್ಷಣ ನಿಂತು ನೋಡಿದ, ನಗು ನುಂಗಿಕೊಂಡು ಮುಂದೆ ಹೋದ. ಅಂಗಡಿಯವನು ಮಾತ್ರ ನಗಲಿಲ್ಲ. ಕೈಯಲ್ಲಿದ್ದ ಸೋಲ್ಡರಿಂಗ್ ಕಡ್ಡಿ ಸ್ಟ್ಯಾಂಡಿಗೆ ಇಟ್ಟು, ‘ಝರ್ರ್ ಅಂತದಾ, ಚರ್ ಚರ್ ಅಂತದಾ ಮೇಡಂ? ಸರಿಯಾಗಿ ಬಾಯಲ್ಲಿ ಮಾಡಿ ತೋರ್ಸಿ’ ಅಂದ.

ನಿಜ ಹೇಳಬೇಕೆಂದರೆ ನನಗೆ ಸ್ವಲ್ಪ ಸಿಟ್ಟೇ ಬಂತು. ವೈರ್ ಬುಟ್ಟಿಯಲ್ಲಿ ಟವೆಲ್ ಹಾಸಿ, 10 ಅಂಗುಲದ ವೂಫರ್ ಅನ್ನು, ಅಂದರೆ ತಗ್ಗು ಸ್ವರ ನುಡಿಯುವ ದೊಡ್ಡ ಸ್ಪೀಕರನ್ನು, ಮಗುವಿನ ಹಾಗೆ ಹನುಮಂತನಗರದಿಂದ ಆಟೋದಲ್ಲಿ ತಂದಿದ್ದೀನಿ. ಕೈಗೆ ತೊಗೊಂಡು ನೋಡೋದು ಬಿಟ್ಟು ನನ್ನನ್ನೇ ಸ್ಪೀಕರ್ ಮಾಡ್ತಾನಲ್ಲ ಅಂತ.

ಈ ಸ್ಪೀಕರ್‌ಗಳ ಕತೆ ಹೇಳಿಬಿಡುತ್ತೇನೆ. 1981ರಲ್ಲಿ ನಮ್ಮಣ್ಣ ಮಸ್ಕತ್‌ನಿಂದ ಬರುವಾಗ ತಂದ ಜೋಡಿ ಪೆಟ್ಟಿಗೆ. ಆಗ ಮನೆಗೆ ಬಂದವರೆಲ್ಲ ಅವುಗಳ ಮುಂದೆ ಕೂತು ಬಾನುಲಿ ಕಛೇರಿ ಕೇಳಿಯೇ ಕಾಫಿ ಕುಡಿಯುತ್ತಿದ್ದರು. ಅಣ್ಣ ಹೋದ ಮೇಲೆ ಅಟ್ಟ ಸೇರಿದವು. ಎರಡು ವರ್ಷದ ಹಿಂದೆ ಇಳಿಸಿ, ಮುಂದಿನ ಬಟ್ಟೆಯ ಜಾಲರಿ ತೆಗೆದು ನೋಡಿದರೆ, ಕೋನಿನ, ಅಂದರೆ ಸದ್ದು ಹೊರಡಿಸುವ ಕಾಗದದ ದೊನ್ನೆಯ, ಸುತ್ತ ಇರುವ ಫೋಮ್ ಬಳೆ ಮುಟ್ಟಿದ ಕಡೆಯೆಲ್ಲ ಉದುರಿತು. ಬೆರಳಿಗೆ ಅಂಟಂಟು, ಕೆಟ್ಟ ಬೆಲ್ಲದ ಪಾಕದ ಹಾಗೆ.

ಅದು ಯಾರ ತಪ್ಪೂ ಅಲ್ಲ. ಸ್ಪೀಕರಿನ ಮೂಲ ವಿನ್ಯಾಸಕ್ಕೆ ನೂರು ವರ್ಷ. 1925ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಪ್ರಕಟಿಸಿದ ವಿಧಾನವೇ ಇವತ್ತಿಗೂ ನಡೆಯುತ್ತಿದೆ: ಅಯಸ್ಕಾಂತದ ಸಂದಿಯಲ್ಲಿ ತಾಮ್ರದ ಕಾಯಿಲ್, ಅದಕ್ಕೆ ಅಂಟಿದ ದೊನ್ನೆಯಾಕಾರದ ಕಾಗದ. ಕಾಯಿಲ್ ಓಡಾಡಿದಂತೆ ದೊನ್ನೆ ಗಾಳಿಯನ್ನು ತಳ್ಳುತ್ತದೆ. ಆಮೇಲೆ 1954ರಲ್ಲಿ ಎಡ್ಗರ್ ವಿಲ್ಚರ್ ಎಂಬಾತ ಬಿಗಿಯಾಗಿ ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಸ್ಪ್ರಿಂಗ್ ಮಾಡಿಕೊಂಡ. ಪುಟ್ಟ ಪೆಟ್ಟಿಗೆಯಿಂದಲೂ ಗಂಭೀರವಾದ ತಗ್ಗು ಸ್ವರ ಬಂತು. ಅದಕ್ಕೆ ಕೋನ್ ಸಡಿಲವಾಗಿ, ದೂರದೂರ ಓಡಾಡಬೇಕು, ಅಂಚು ಮೆತ್ತಗಿರಬೇಕು. ಎಪ್ಪತ್ತರ ದಶಕದ ಹೊತ್ತಿಗೆ ಆ ಅಂಚಿಗೆ ಪಾಲಿಯುರೆಥೇನ್ ಫೋಮ್ ಬಳಸುವುದು ವಾಡಿಕೆಯಾಯಿತು. ಕೇಳಲು ಚೆನ್ನ, ಆದರೆ ಗಾಳಿಯ ತೇವ ಅದನ್ನು ಒಳಗಿನಿಂದ ಮುರಿಯುತ್ತದೆ. ಹದಿನೈದು ಇಪ್ಪತ್ತು ವರ್ಷಕ್ಕೆ ಪುಡಿ. ಅದಕ್ಕೂ ಹಳೆಯ ಕಾಲದ, ಕಾಗದ ಅಥವಾ ಬಟ್ಟೆಯ ನೆರಿಗೆ ಅಂಚಿನ ಸ್ಪೀಕರ್‌ಗಳು ಇಂದಿಗೂ ಗಟ್ಟಿಯಾಗಿರುತ್ತವೆ. ನಿಮ್ಮ ಮನೆಯಲ್ಲಿದ್ದರೆ ಎಸೆಯಬೇಡಿ.

ಹೊಸ ಫೋಮ್ ಬಳೆ ತರಿಸಿ ನಾನೇ ಅಂಟಿಸಿದೆ. ಹಳೆ ಅಂಟನ್ನು ಕೆರೆದು, ಪಾತ್ರೆ ಉಜ್ಜುವ ಸ್ಟೀಲ್ ನಾರಿನಿಂದ ಲೋಹದ ಚೌಕಟ್ಟು ಉಜ್ಜಿ, ಬಿಳಿ ಫೆವಿಕಾಲ್ ಹಚ್ಚಿ ಕೂರಿಸಿದ್ದಾಯಿತು. ಸ್ಟೀಲ್ ನಾರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ. ಒಂದು ವಾರ ಸೊಗಸಾಗಿ ಹಾಡಿತು. ಆಮೇಲೆ ಒಂದು ಸಂಜೆ ತನಿ ಆವರ್ತನದಲ್ಲಿ ಮೃದಂಗದ ಎಡಗಡೆಯ ತಗ್ಗು ಸ್ವರದ ಗುಂಕಿ ಬಿದ್ದಾಗೆಲ್ಲ ಹಿಂದೆಯೇ ಇನ್ನೊಂದು ಸದ್ದು. ವಿದ್ವಾಂಸರು ನುಡಿಸದ ಸದ್ದು.

ಬರೀ ತಗ್ಗು ಸ್ವರದಲ್ಲಿ ಯಾಕೆ ಅಂದರೆ, ಅಷ್ಟೇ ಗಟ್ಟಿಯಾಗಿ ಕೇಳಿಸಲು ಸ್ವರ ಒಂದು ಸ್ಥಾಯಿ ಇಳಿದಾಗ ಕೋನ್ ನಾಲ್ಕು ಪಟ್ಟು ದೂರ ಓಡಾಡಬೇಕಾಗುತ್ತದೆ. ನನ್ನಂಥ ಹೆಂಗಸಿನ ಧ್ವನಿಯ ಮೂಲ ಆವರ್ತನ ಸುಮಾರು 200 ಹರ್ಟ್ಸ್. ಅದರಲ್ಲಿ ವೂಫರ್ ಅಲುಗಾಡಿದ್ದೇ ಕಾಣುವುದಿಲ್ಲ. ಹಾಗಾಗಿ ಈ ಭಾಷಣ ಸ್ವಚ್ಛವಾಗಿ ಕೇಳಿಸುತ್ತಿದೆ ಅಂತ ನಿಮ್ಮ ಸ್ಪೀಕರ್ ಆರೋಗ್ಯವಾಗಿದೆ ಎಂದುಕೊಳ್ಳಬೇಡಿ. ನನ್ನ ನಂತರ ಕಛೇರಿ ಇದ್ದರೆ ಆಗ ಕಿವಿಗೊಡಿ.

ಮೊದಲು ಮಾಡಬೇಕಾದ ಕೆಲಸ ಮಾತ್ರ ನಾನು ಸರಿಯಾಗಿ ಮಾಡಿದ್ದೆ. ಆಂಪ್ಲಿಫೈಯರ್ ಆರಿಸಿ, ಎಡ ಬಲದ ವೈರ್ ಅದಲು ಬದಲು ಮಾಡಿದೆ. ಸದ್ದು ಎಡ ಪೆಟ್ಟಿಗೆಯಲ್ಲೇ ಉಳಿಯಿತು. ಅಲ್ಲಿಗೆ ಆಂಪ್ಲಿಫೈಯರ್ ನಿರಪರಾಧಿ. ಬಟ್ಟೆಯ ಜಾಲರಿ ತೆಗೆದೆ, ಹೋಗಲಿಲ್ಲ. ಸ್ಕ್ರೂಗಳನ್ನು ಬಿಗಿ ಮಾಡಿದೆ, ಚಕ್ರದ ನಟ್ ಬಿಗಿಯುವ ಹಾಗೆ ಎದುರುಬದುರು. ಸ್ವಲ್ಪ ಕಡಿಮೆಯಾಯಿತು. ಮೊಬೈಲಿನಲ್ಲಿ ಒಂದೇ ಸ್ವರ ಹೊರಡಿಸುವ ಆ್ಯಪ್ ಹಾಕಿ, ಸಣ್ಣ ವಾಲ್ಯೂಮಿನಲ್ಲಿ 20 ಹರ್ಟ್ಸ್‌ನಿಂದ 200ರವರೆಗೆ ನಿಧಾನವಾಗಿ ಏರಿಸಿದೆ. ನಲವತ್ತರ ಆಸುಪಾಸಿನಲ್ಲಿ ಸದ್ದು ಜೋರು. ಎಂಬತ್ತು ದಾಟಿದ ಮೇಲೆ ಬೇರೆ ಥರದ ಸದ್ದು, ಅದೂ ಬೇರೆ ದಿಕ್ಕಿನಿಂದ. ಅದನ್ನು ಹುಡುಕಿಕೊಂಡು ಹೋದರೆ ಶೋಕೇಸಿನ ಗಾಜು. ದಸರಾ ಗೊಂಬೆಗಳು ಒಳಗೆ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿದ್ದವು. ಗಾಜಿನ ಸಂದಿಗೆ ಮಡಿಸಿದ ಕಾಗದ ತುರುಕಿದೆ. ಅದು ಮುಗಿಯಿತು.

ಉಳಿದ ಸದ್ದನ್ನೇ ವೈರ್ ಬುಟ್ಟಿಯಲ್ಲಿ ಎಸ್.ಪಿ. ರಸ್ತೆಗೆ ಒಯ್ದದ್ದು.

ಆ ಅಂಗಡಿಯವನ ಲೆಕ್ಕ ಹೀಗೆ. ‘ಗುಂಯ್’ ಅಂತ ಒಂದೇ ಸಮ ಬಂದರೆ ಅದು ಸ್ಪೀಕರ್ ಅಲ್ಲ, ಕರೆಂಟು, ಅರ್ಥಿಂಗ್ ನೋಡಿಕೊಳ್ಳಬೇಕು. ನಮ್ಮ ಮನೆಗಳ ವಿದ್ಯುತ್ತು 50 ಹರ್ಟ್ಸ್, ಅದರ ಹಾಡು ಅದು. ‘ಬುಸ್’ ಅಂದರೆ ಪೆಟ್ಟಿಗೆ ಎಲ್ಲೋ ಗಾಳಿ ಬಿಡುತ್ತಿದೆ. ‘ಝರ್ರ್’ ಅಂದರೆ ಎಲ್ಲೋ ಏನೋ ಸಡಿಲ: ಸ್ಕ್ರೂ, ಹೆಸರಿನ ಫಲಕ, ಕೋನಿನ ನಡುವಿನ ಟೋಪಿಯ ಅಂಚು ಬಿಟ್ಟಿರುವುದು. ‘ಟಪ ಟಪ’ ಅಂದರೆ ಲೀಡ್ ವೈರ್. ‘ಚರ್ ಚರ್’ ಅಂದರೆ... ‘ಅದು ಮಾತ್ರ ಬೇಡ ಮೇಡಂ’ ಅಂದ. ಇಷ್ಟು ವರ್ಷ ಅನುರಣನ, ಕಂಪನ ಅಂತ ಬೋರ್ಡಿನ ಮೇಲೆ ಬರೆದವಳು ನಾನು; ರೋಗಕ್ಕೆ ಇಷ್ಟು ಕರಾರುವಾಕ್ಕಾದ ಹೆಸರುಗಳು ಅಡುಗೆಮನೆ ಕನ್ನಡದಲ್ಲೇ ಇವೆ ಅಂತ ಹೊಳೆದಿರಲಿಲ್ಲ.

ನಾನು ಮತ್ತೆ ಮಾಡಿ ತೋರಿಸಿದೆ. ಈ ಸಲ ಗಮನವಿಟ್ಟು. ಬಾಯಿಂದ ಬಂದದ್ದು ‘ಚರ್ ಚರ್’.

ಆಗ ಅವನು ವೂಫರ್ ಎತ್ತಿಕೊಂಡ. ಎರಡೂ ಕೈಯ ಬೆರಳುಗಳನ್ನು ಕೋನಿನ ಮೇಲೆ ಸಮವಾಗಿ ಹರಡಿ, ಇಡ್ಲಿ ಬೆಂದಿದೆಯಾ ನೋಡುವಷ್ಟು ಮೆತ್ತಗೆ ಒತ್ತಿ ಬಿಟ್ಟ. ಕಿವಿ ಹತ್ತಿರ ತರಲು ಹೇಳಿದ. ಆ ಗಲಾಟೆ ಓಣಿಯಲ್ಲೂ ಕೇಳಿಸಿತು, ಮರಳು ಕಾಗದ ಉಜ್ಜಿದ ಹಾಗೆ. ‘ಕಾಯಿಲ್ ಉಜ್ತಾ ಇದೆ. ಸೆಂಟರ್ ಮಾಡದೇ ಅಂಟ್ಸಿದೀರ. ಕ್ಯಾಪ್ ಕೊಯ್ಬೇಕು.’ ಎಷ್ಟಾಗುತ್ತಪ್ಪ ಅಂದೆ. ‘ಮದ್ವೆ ಸೀಸನ್ ಮೇಡಂ, ಮೈಕ್‌ಸೆಟ್‌ನೋರದ್ದೇ ರಾಶಿ ಬಿದ್ದಿದೆ. ಇಷ್ಟು ಮಾಡಿದೀರ, ಅದನ್ನೂ ನೀವೇ ಮಾಡ್ಕೊಳಿ’ ಅಂತ ಹೇಳಿ, ಒಂದು ಚೀಟಿಯ ಮೇಲೆ ತನ್ನ ಫೋನ್ ನಂಬರ್ ಬರೆದುಕೊಟ್ಟ.

ಸೆಂಟರ್ ಮಾಡುವುದು ಎಂದರೇನು? ಕಾಯಿಲ್ ಮತ್ತು ಅಯಸ್ಕಾಂತದ ಕಂಬದ ನಡುವಿನ ಜಾಗ ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಕೂಡ ಇರುವುದಿಲ್ಲ. ಫೋಮ್ ಅಂಟಿಸುವಾಗ ಕೋನ್ ಕೂದಲೆಳೆಯಷ್ಟು ಒಂದು ಕಡೆ ವಾಲಿದರೂ ಕಾಯಿಲ್ ಗೋಡೆಗೆ ತಾಗುತ್ತದೆ. ಸಣ್ಣ ಸ್ವರದಲ್ಲಿ ತಾಗದೆ ಇರಬಹುದು. ದೊಡ್ಡ ಓಟದಲ್ಲಿ ತಾಗುತ್ತದೆ, ತಾಮ್ರದ ಮೇಲಿನ ವಾರ್ನಿಷ್ ಸವೆಯುತ್ತದೆ, ಒಂದು ದಿನ ಕಾಯಿಲ್ಲೇ ಸುಟ್ಟುಹೋಗುತ್ತದೆ. ಹಾಗಾಗಿ ‘ಚರ್ ಚರ್’ ಅನ್ನು ಇಟ್ಟುಕೊಂಡು ಕೇಳುತ್ತಾ ಕೂರುವಂತಿಲ್ಲ.

ಊಟದ ಮೇಜಿನ ಮೇಲೆ ಹಳೇ ಪೇಪರ್ ಹಾಸಿ ಕೂತೆ. ಹೊಸ ಬ್ಲೇಡಿನಿಂದ ಟೋಪಿಯ ಸುತ್ತ, ಅಂಚು ಎರಡು ಮಿಲಿಮೀಟರ್ ಬಿಟ್ಟು, ಮುಕ್ಕಾಲು ಸುತ್ತು ಕೊಯ್ದೆ. ಪೂರ್ತಿ ತೆಗೆಯಲಿಲ್ಲ, ಡಬ್ಬಿಯ ಮುಚ್ಚಳದ ಹಾಗೆ ಹಿಂದಕ್ಕೆ ಮಡಿಸಿದೆ. ಒಳಗೆ, ನಡುವೆ ಹೊಳೆಯುವ ಕಬ್ಬಿಣದ ಕಂಬ, ಅದರ ಸುತ್ತ ಕಾಯಿಲಿನ ಕಂದು ಕೊಳವೆ. ಬಲಗಡೆ ಸಂದಿ ಚೆನ್ನಾಗಿ ಕಾಣುತ್ತದೆ, ಎಡಗಡೆ ಇಲ್ಲವೇ ಇಲ್ಲ. ನಲವತ್ತು ವರ್ಷದ ಪೆಟ್ಟಿಗೆಯ ಹೊಟ್ಟೆಯೊಳಗೆ ನನ್ನ ಅವಸರ ಕಣ್ಣಿಗೆ ಕಾಣುವಷ್ಟು ಕೂತಿತ್ತು. ಬಗ್ಗಿ ನೋಡುತ್ತಿರುವಾಗಲೇ ಟಿಕ್ ಅಂತ ಒಂದು ಸದ್ದು. ಮೇಜಿನ ಮೇಲಿದ್ದ ಆ ಸ್ಟೀಲ್ ನಾರಿನ ಒಂದು ಸುರುಳಿ, ಉಗುರಿನ ತುದಿಯಷ್ಟು, ಹಾರಿ ಹೋಗಿ ಸಂದಿಯೊಳಗೆ ಕಚ್ಚಿಕೊಂಡಿತು. ಅಯಸ್ಕಾಂತದ ಪಾಠ ಮಾಡಿದವಳ ಮೇಜಿನ ಮೇಲೆ! ಚಿಮಟ ಕಬ್ಬಿಣದ್ದು, ಅದೂ ಎಳೆದುಕೊಳ್ಳುತ್ತದೆ. ಕೊನೆಗೆ ಅಂಟು ಟೇಪನ್ನು ಅಂಟು ಮೇಲಾಗುವಂತೆ ಒಂದು ಸಪೂರ ರಟ್ಟಿನ ಪಟ್ಟಿಗೆ ಸುತ್ತಿ, ಸಂದಿಯಲ್ಲಿ ಇಳಿಸಿ, ಏಳನೆಯ ಸಲಕ್ಕೆ ಎತ್ತಿದೆ. ಆಮೇಲೆ ಮೇಜು ಒರೆಸಿ, ಸೀರೆಯ ಸೇಫ್ಟಿ ಪಿನ್ನನ್ನೂ ಬಿಚ್ಚಿಟ್ಟು ಮುಂದಿನ ಕೆಲಸಕ್ಕೆ ಕೈ ಹಾಕಿದೆ.

ಸಂದಿಗೆ ಸಮನಾಗಿ ಇಡಲು ತೆಳುವಾದ, ಗಡುಸಾದ ಪಟ್ಟಿ ಬೇಕು. ಬೀರುವಿನಲ್ಲಿ ಅಣ್ಣನ ಎದೆಯ ಎಕ್ಸ್‌ರೇ ಇತ್ತು. ಅಂಚಿನ ಬರಿಯ ಭಾಗದಿಂದ ಪಟ್ಟಿ ಕತ್ತರಿಸಿ ಇಳಿಸಿ ನೋಡಿದೆ, ತುಸು ದಪ್ಪ, ಬಿಗಿಯಾಯಿತು. ಹಳೆ ಫೋಟೋ ನೆಗೆಟಿವ್ ಸರಿಹೊಂದಿತು. ಮೈಸೂರು ಮೃಗಾಲಯದ ಪ್ರವಾಸದ್ದು, ಜಿರಾಫೆಯ ಕತ್ತೇ ಸಪೂರವಾಗಿ ನಾಲ್ಕು ಪಟ್ಟಿಯಾಯಿತು. ನಾಲ್ಕು ದಿಕ್ಕಿಗೆ ಒಂದೊಂದು. ಕಾಯಿಲ್ ತನ್ನಷ್ಟಕ್ಕೆ ನಡುವೆ ನಿಂತಿತು. ಫೋಮಿನ ಹೊರ ಅಂಚಿನ ಅಂಟನ್ನು ಒದ್ದೆ ಬಟ್ಟೆಯಿಂದ ನೆನೆಸಿ, ಸ್ಟೀಲ್ ಚಮಚದ ಹಿಡಿಯಿಂದ, ಅಲ್ಲ, ಮರದ ಐಸ್‌ಕ್ರೀಂ ಕಡ್ಡಿಯಿಂದ ಮೆಲ್ಲಗೆ ಬಿಡಿಸಿದೆ. ಸ್ಟೀಲನ್ನು ಆ ಮನೆಯಲ್ಲಿ ಅವತ್ತು ಬಹಿಷ್ಕರಿಸಿದ್ದೆ. ಹೊಸದಾಗಿ ಅಂಟು ಹಚ್ಚಿ, ಬಟ್ಟೆಯ ಕ್ಲಿಪ್‌ಗಳನ್ನು ಸುತ್ತಲೂ ಸಿಗಿಸಿ, ಪಟ್ಟಿಗಳನ್ನು ಹಾಗೇ ಬಿಟ್ಟು ಒಂದು ಹಗಲು ಒಂದು ರಾತ್ರಿ ಮುಟ್ಟಲಿಲ್ಲ. ಮೊದಲ ಸಲ ಮುಟ್ಟಿದ್ದೆ, ಎರಡು ಗಂಟೆಗೇ.

ಪಟ್ಟಿ ಎಳೆದು ಒತ್ತಿ ನೋಡಿದರೆ ಸದ್ದಿಲ್ಲ. ಟೋಪಿಯನ್ನು ಮುಚ್ಚಿ ಅಂಟಿಸಿದೆ. ಪೆಟ್ಟಿಗೆಗೆ ಕೂರಿಸಿ ಕೋನ್ ಒತ್ತಿ ಬಿಟ್ಟಾಗ ಅದು ನಿಧಾನವಾಗಿ ಹಿಂದಿರುಗಿತು, ಗಾಳಿ ಸೋರುತ್ತಿಲ್ಲ ಅಂತ ಲೆಕ್ಕ. ಹಾಡು ಹಾಕಿದೆ. ಚರ್ ಚರ್ ಹೋಗಿತ್ತು. ಟಪ ಟಪ ಬಂದಿತ್ತು!

ಆದರೆ ಈ ಸಲ ಹೆಸರು ಗೊತ್ತಿತ್ತಲ್ಲ. ಹೊರಗಿನ ಕಂಬಿಯಿಂದ ಕೋನಿಗೆ ಕರೆಂಟು ಒಯ್ಯುವ ಲೀಡ್ ವೈರ್ ಅಂದರೆ ಹೆಚ್ಚುಕಡಿಮೆ ಸೀರೆಯ ಜರಿ ಎಳೆಯೇ: ನೂಲಿನ ಮೇಲೆ ತಾಮ್ರದ ತೆಳುಪಟ್ಟಿ ಸುತ್ತಿ ಹೆಣೆದದ್ದು. ಬರೀ ತಂತಿಯಾದರೆ ಸೆಕೆಂಡಿಗೆ ನೂರಾರು ಸಲ ಬಗ್ಗಿ ಮುರಿದುಬೀಳುತ್ತದೆ. ಕೋನ್ ಈಗ ಮೊದಲಿಗಿಂತ ಒಂದಿಷ್ಟು ಕೆಳಗೆ ಕೂತಿದ್ದರಿಂದ ಆ ಎಳೆ ಕೋನಿನ ಬೆನ್ನಿಗೆ ಬಡಿಯುತ್ತಿತ್ತು. ವೂಫರ್ ಬಿಚ್ಚಿ, ಬೆರಳಿನಿಂದ ಅದರ ಬಾಗನ್ನು ಹೊರಕ್ಕೆ ತಿದ್ದಿದೆ. ಎರಡು ನಿಮಿಷದ ಕೆಲಸ.

ಆ ರಾತ್ರಿ ದೀಪ ಆರಿಸಿ ಕೂತು ಒಂದು ಹಳೆ ಕಛೇರಿ ಹಾಕಿದೆ. ಗಾಯಕರು ಇನ್ನೂ ಬಾಯಿ ತೆರೆದಿರಲಿಲ್ಲ. ಎಡ ಪೆಟ್ಟಿಗೆಯಲ್ಲಿ ಸಣ್ಣಗೆ, ಬಿಡದೆ, ‘ಝೀಂ...’ ಅಂತ. ಎದೆ ಧಸಕ್ ಅಂತು. ಬಲಗಡೆಯದನ್ನು ಕೇಳಿದೆ, ಅಲ್ಲಿ ಅಷ್ಟಿಲ್ಲ. ಟೋಪಿಯ ಅಂಟು ಬಿಟ್ಟಿರಬೇಕು ಅಂತ ತೀರ್ಮಾನಿಸಿ, ಒಂಬತ್ತೂವರೆ ಆಗಿದ್ದರೂ ಆ ಚೀಟಿಯ ನಂಬರಿಗೆ ಫೋನ್ ಮಾಡಿಬಿಟ್ಟೆ.

‘ಬಾಯಲ್ಲಿ ಮಾಡಿ ತೋರ್ಸಿ ಮೇಡಂ’ ಅಂದ.

‘ಝೀಂ... ಝೀಂ...’ ಅಂದೆ.

‘ಅದು ಬೇಡ, ಫೋನೇ ಹತ್ರ ಹಿಡೀರಿ.’

ಹಿಡಿದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಯಾರೋ ಅವನಿಗೆ ಅನ್ನ ಬಡಿಸುವ ಸದ್ದು.

‘ಮೇಡಂ, ಅದು ತಂಬೂರಿ.’

ತಂಬೂರಿಯ ಕುದುರೆಯ ಮೇಲೆ, ಅಂದರೆ ತಂತಿಗಳನ್ನು ಹೊತ್ತ ಪಟ್ಟಿಯ ಮೇಲೆ, ತಂತಿಯ ಕೆಳಗೆ ಒಂದೆಳೆ ನೂಲು ಇಟ್ಟು, ತಂತಿ ಕುದುರೆಯನ್ನು ಸವರಿಕೊಂಡೇ ನುಡಿಯುವ ಹಾಗೆ ಮಾಡುತ್ತಾರೆ. ಜೀವ ಕೂಡಿಸುವುದು ಎನ್ನುತ್ತಾರೆ ಅದಕ್ಕೆ. ಧ್ವನಿಮುದ್ರಿಸಿದವರು ತಂಬೂರಿಯವರನ್ನು ಎಡಗಡೆಗೆ ಕೂರಿಸಿದ್ದರು, ಅಷ್ಟೆ. ಎರಡು ವರ್ಷದಿಂದ ಆ ಪೆಟ್ಟಿಗೆಯಲ್ಲಿ ನಾನು ಅದನ್ನು ಕೇಳಿಯೇ ಇರಲಿಲ್ಲ.

ನಮಸ್ಕಾರ.