ಹೆಸರು ಗೊತ್ತಿಲ್ಲದಿದ್ದರೂ ಸಾಫ್ಟ್‌ವೇರ್ ಸಿಗಬೇಕು

ಕೇಳುಗರಿಗೆಲ್ಲ ನಮಸ್ಕಾರ.

ಹಾಸನ ಆಕಾಶವಾಣಿಯವರು ಲಿನಕ್ಸ್ ಬಗ್ಗೆ ಮಾತಾಡಿ ಅಂತ ಕರೆದಿದ್ದಾರೆ. ಲಿನಕ್ಸ್ ಅಂದರೆ ವಿಂಡೋಸ್ ಥರಾನೇ ಇಡೀ ಕಂಪ್ಯೂಟರನ್ನು ನಡೆಸುವ ವ್ಯವಸ್ಥೆ. ಸಿಕ್ಕಿರುವ ಸಮಯದಲ್ಲಿ ಒಂದೇ ವಿಷಯ ಹೇಳುತ್ತೇನೆ. ಲಿನಕ್ಸ್ ಇರುವ ಕಂಪ್ಯೂಟರ್‌ನಲ್ಲಿ ಬೇಕಾದ ಸಾಫ್ಟ್‌ವೇರ್ ಹುಡುಕೋದು ಹೇಗೆ, ಹಾಕಿಕೊಳ್ಳೋದು ಹೇಗೆ, ಮತ್ತು ಇದು ಇನ್ನೂ ಸುಲಭ ಆಗಬೇಕಾದರೆ ಏನು ಆಗಬೇಕು.

ಈಗ ಯಾಕೆ ಈ ಮಾತು? 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ ಮುಗಿಯಿತು. ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಬಹಳಷ್ಟನ್ನು ವಿಂಡೋಸ್ 11 ಒಪ್ಪುವುದೇ ಇಲ್ಲ. ಯಂತ್ರ ಗಟ್ಟಿಮುಟ್ಟಾಗಿದೆ, ಎಸೆಯೋಕೆ ಮನಸ್ಸಿಲ್ಲ. ಅಂಥವರು ಲಿನಕ್ಸ್ ಮಿಂಟ್, ಉಬುಂಟು ಅನ್ನೋ ಲಿನಕ್ಸ್ ಬಗೆಗಳನ್ನು ಹಾಕಿಸಿಕೊಳ್ಳುತ್ತಿದ್ದಾರೆ. ಅರಸೀಕೆರೆಯ ಮೇಷ್ಟ್ರು, ಬೇಲೂರಿನ ಡಿಟಿಪಿ ಅಂಗಡಿಯವರು, ಸಕಲೇಶಪುರದ ತೋಟದವರು, ಇಂಥವರನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡೇ ಮಾತಾಡುತ್ತಿದ್ದೇನೆ.

ನನ್ನ ಮಾತು ಇಷ್ಟೇ: ಜನರಿಗೆ ಗೊತ್ತಿರೋದು ತಮ್ಮ ಕೆಲಸ, ಸಾಫ್ಟ್‌ವೇರ್‌ನ ಹೆಸರಲ್ಲ. ಕೆಲಸ ಹೇಳಿದರೆ ಸಾಫ್ಟ್‌ವೇರ್ ಸಿಗಬೇಕು.

ಬಿ.ಎಂ. ರಸ್ತೆಯ ಹಾರ್ಡ್‌ವೇರ್ ಅಂಗಡಿಗೆ ಹೋಗಿ "ನಲ್ಲಿ ಸೋರ್ತಿದೆ" ಅನ್ನಿ. ವಾಷರ್ ತೆಗೆದು ಕೈಗೆ ಕೊಡುತ್ತಾರೆ. ಕಂಪನಿ ಹೆಸರು ಹೇಳು ಅಂತ ಯಾರೂ ಕೇಳಲ್ಲ, ಅಲ್ವಾ? ಲಿನಕ್ಸ್‌ನಲ್ಲಿ ಇನ್ನೂ ಆ ಮಟ್ಟಕ್ಕೆ ಬಂದಿಲ್ಲ. ಚಿತ್ರ ತಿದ್ದಬೇಕಾ? ಜಿಂಪ್ ಅನ್ನಬೇಕು. ಪಿಡಿಎಫ್ ಓದಬೇಕಾ? ಒಕ್ಯುಲರ್ ಅನ್ನಬೇಕು. ಧ್ವನಿ ಕತ್ತರಿಸಬೇಕಾ? ಔಡಾಸಿಟಿ ಅನ್ನಬೇಕು. ಹೊಸಬರಿಗೆ ಈ ಹೆಸರು ಯಾರು ಹೇಳಿಕೊಡಬೇಕು?

ಒಂದು ಪ್ರಸಂಗ ಹೇಳುತ್ತೇನೆ. ಮೂಡಿಗೆರೆ ಕಡೆಯ ಒಂದು ಕಾಫಿ ಎಸ್ಟೇಟಿನ ರೈಟರ್ ನನಗೆ ಪರಿಚಯ. ಸಾಹುಕಾರರ ಮಗ ಬೆಂಗಳೂರಿನಿಂದ ಬಂದವನು ಆಫೀಸಿನ ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಮಿಂಟ್ ಹಾಕಿ ಹೋಗಿದ್ದ. ರೈಟರ್ ಖುಷಿಯಾಗೇ ಇದ್ದರು. ಯಂತ್ರ ಚುರುಕಾಗಿತ್ತು, ಮಸ್ಟರ್ ರೋಲ್ ಎಲ್ಲ ಲಿಬ್ರೆಆಫೀಸ್‌ನಲ್ಲೇ ನಡೆಯುತ್ತಿತ್ತು. ಒಂದು ದಿನ ಸಾಲದ ನವೀಕರಣಕ್ಕೆ ಬ್ಯಾಂಕಿನವರು ಪಹಣಿ, ಮ್ಯುಟೇಷನ್, ಆಧಾರ್ ಎಲ್ಲ ಸೇರಿಸಿ ಒಂದೇ ಪಿಡಿಎಫ್ ಮಾಡಿ ಕಳಿಸಿ ಅಂದರು. ಬಿಡಿ ಬಿಡಿ ಪಿಡಿಎಫ್‌ಗಳು ಅವರ ಹತ್ತಿರ ಇದ್ದವು. ಜೋಡಿಸಬೇಕಿತ್ತು, ಅಷ್ಟೇ.

ಅವರು ಮಾಡಿದ್ದೇನು? ಎಲ್ಲರೂ ಮಾಡೋದನ್ನೇ. ಬ್ರೌಸರ್ ತೆರೆದರು, ಹುಡುಕಿದರು, ಮೊದಲು ಕಂಡ ಹಸಿರು ಬಟನ್ ಒತ್ತಿದರು. ಇಳಿದದ್ದು ಇಎಕ್ಸ್‌ಇ ಫೈಲು, ಅಂದರೆ ವಿಂಡೋಸ್‌ಗೆ ಮಾಡಿದ್ದು. ಎರಡು ಸಲ ಕ್ಲಿಕ್ ಮಾಡಿದರೂ ಅಲ್ಲಾಡಲಿಲ್ಲ. ಆಮೇಲೆ ಇನ್ನೊಂದು ಕಡೆ ಯಾರೋ ಕೊಟ್ಟಿದ್ದ ಕಮಾಂಡನ್ನು ಟರ್ಮಿನಲ್‌ಗೆ, ಅಂದರೆ ಕಂಪ್ಯೂಟರ್‌ಗೆ ಆಜ್ಞೆ ಟೈಪ್ ಮಾಡುವ ಕಿಟಕಿಗೆ, ಅಂಟಿಸಿದರು. ಅದು ಫೆಡೋರಾ ಅನ್ನೋ ಇನ್ನೊಂದು ಬಗೆಯ ಲಿನಕ್ಸ್‌ಗೆ ಬರೆದ ಕಮಾಂಡು. ಇವರದ್ದು ಮಿಂಟ್. "ಕಮಾಂಡ್ ನಾಟ್ ಫೌಂಡ್" ಅಂತ ಬಂತು. ಮೂರನೇ ಕಡೆ ಒಂದು ಜಾಲತಾಣ "ನಿಮ್ಮ ಫೈಲು ಇಲ್ಲಿ ಹಾಕಿ, ನಾವೇ ಜೋಡಿಸಿ ಕೊಡ್ತೀವಿ" ಅಂದಿತು. ಸಾಹುಕಾರರ ಆಧಾರ್ ಕಾರ್ಡನ್ನು ಗುರುತು ಪರಿಚಯ ಇಲ್ಲದ ಜಾಲತಾಣಕ್ಕೆ ಹಾಕುವುದಕ್ಕೆ ರೈಟರ್‌ಗೆ ಧೈರ್ಯ ಬರಲಿಲ್ಲ. ಆ ಅಂಜಿಕೆ ಸರಿಯಾದದ್ದೇ. ನನಗೆ ಫೋನ್ ಮಾಡಿದರು.

"ಮೆನುನಲ್ಲಿ ಸಾಫ್ಟ್‌ವೇರ್ ಮ್ಯಾನೇಜರ್ ಇದೆ, ತೆಗೀರಿ" ಅಂದೆ.

"ಅದ್ಯಾವುದೋ ಸಿಸ್ಟಮ್ಮಿಂದು ಅಂತ ಮುಟ್ಟಿಲ್ಲ ಮೇಷ್ಟ್ರೇ" ಅಂದರು.

ತೆಗೆಸಿದೆ. "ಈಗ ನಿಮಗೇನು ಬೇಕೋ ಅದನ್ನ ಟೈಪ್ ಮಾಡಿ" ಅಂದೆ. ಅವರು ಮೊದಲು ಕನ್ನಡದಲ್ಲೇ ಹೊಡೆದರು, "ಪಿಡಿಎಫ್ ಜೋಡಿಸು" ಅಂತ. ಏನೂ ಬರಲಿಲ್ಲ. ಇಂಗ್ಲಿಷಿನಲ್ಲಿ "ಜಾಯಿನ್" ಅಂತ ಹೊಡೆದರು. ಏನೇನೋ ಬಂತು, ಬೇಕಾದ್ದು ಬರಲಿಲ್ಲ. ನಾನು "ಮರ್ಜ್ ಅಂತ ಹಾಕಿ ನೋಡಿ" ಅಂದೆ. ಪಿಡಿಎಫ್ ಅರೇಂಜರ್ ಬಂತು. ಇನ್‌ಸ್ಟಾಲ್ ಒತ್ತಿದರು, ಪಾಸ್‌ವರ್ಡ್ ಕೊಟ್ಟರು, ಮುಗೀತು. ಪುಟಗಳೆಲ್ಲ ಸಣ್ಣ ಸಣ್ಣ ಚಿತ್ರಗಳಾಗಿ ಸಾಲಾಗಿ ಕಂಡವು. ಪಹಣಿಯನ್ನು ಎಳೆದು ಮುಂದಕ್ಕಿಟ್ಟರು, ಅಡ್ಡಾಗಿದ್ದ ಆಧಾರ್ ಪುಟವನ್ನು ತಿರುಗಿಸಿದರು, ಸೇವ್ ಮಾಡಿದರು.

"ಇದು ಇಲ್ಲೇ ಇತ್ತಾ ಮೇಷ್ಟ್ರೇ? ಬೆಳಗ್ಗೆಯಿಂದ ಸುಮ್ನೆ ಎಲ್ಲೆಲ್ಲೋ ಅಲೆದೆ" ಅಂದರು.

ಇಲ್ಲೇ ಇತ್ತು. ದುಡ್ಡೂ ಇಲ್ಲ, ವೈರಸ್ ಭಯವೂ ಕಡಿಮೆ. ಆದರೆ "ಮರ್ಜ್" ಅನ್ನೋ ಒಂದು ಮಾತು ಗೊತ್ತಿಲ್ಲ ಅಂತ ಅವರ ಕೈಗೆ ಸಿಗಲಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ಸಂಕಟ ಆಗುತ್ತದೆ. ಎಸ್ಟೇಟಿನ ಲೆಕ್ಕವನ್ನೆಲ್ಲ ಇಟ್ಟುಕೊಂಡಿರುವ ಮನುಷ್ಯ ಅವರು. ಅವರಿಗೆ ತಮ್ಮ ಕೆಲಸ ಚೆನ್ನಾಗಿ ಗೊತ್ತಿತ್ತು. ಹೆಸರು ಗೊತ್ತಿರಲಿಲ್ಲ, ಅಷ್ಟೇ.

ಹಾಗಾದರೆ ಆ ಸಾಫ್ಟ್‌ವೇರ್ ಮ್ಯಾನೇಜರ್‌ಗೆ ಇದೆಲ್ಲ ಎಲ್ಲಿಂದ ಬರುತ್ತದೆ? ಲಿನಕ್ಸ್‌ನ ಒಂದೊಂದು ಬಗೆಗೂ ಅದರದೇ ಒಂದು ಸಂಗ್ರಹ ಇರುತ್ತದೆ. ಪರಿಶೀಲಿಸಿದ ಪ್ಯಾಕೇಜ್‌ಗಳನ್ನು, ಅಂದರೆ ಹಾಕಿಕೊಳ್ಳೋಕೆ ಸಿದ್ಧಮಾಡಿದ ಸಾಫ್ಟ್‌ವೇರ್ ಕಟ್ಟುಗಳನ್ನು, ಅಲ್ಲಿ ಇಟ್ಟಿರುತ್ತಾರೆ. 1999ರಲ್ಲಿ ಡೆಬಿಯನ್ ಅನ್ನೋ ಲಿನಕ್ಸ್‌ನ 2.1 ಆವೃತ್ತಿ ಜೊತೆ ಎಪಿಟಿ ಅನ್ನೋ ಸಾಧನ ಬಂತು. ಒಂದು ಸಾಫ್ಟ್‌ವೇರ್‌ಗೆ ಇನ್ನೇನೇನು ಬೇಕೋ ಅದನ್ನೂ ತಾನೇ ತಂದು ಕೂರಿಸುತ್ತದೆ. ಹಾಕಿಕೊಳ್ಳುವ ಕಷ್ಟ ಅವತ್ತೇ ಮುಕ್ಕಾಲು ಪಾಲು ಹೋಯಿತು. ಉಳಿದದ್ದು ಹುಡುಕುವ ಕಷ್ಟ. 2023ರ ಡೆಬಿಯನ್ 12ರಲ್ಲಿ 64 ಸಾವಿರಕ್ಕೂ ಜಾಸ್ತಿ ಪ್ಯಾಕೇಜ್‌ಗಳಿವೆ. ಅದರಲ್ಲಿ ಬಹಳಷ್ಟು ಒಳಗಿನ ಬಿಡಿಭಾಗಗಳು, ನಾವು ತೆರೆದು ಬಳಸುವಂಥವಲ್ಲ. ಅದಕ್ಕೇ 2011ರಲ್ಲಿ ಬೇರೆ ಬೇರೆ ಲಿನಕ್ಸ್‌ನವರು ಕೂತು ಆಪ್‌ಸ್ಟ್ರೀಮ್ ಅನ್ನೋ ವ್ಯವಸ್ಥೆ ಶುರು ಮಾಡಿದರು. ಒಂದೊಂದು ಸಾಫ್ಟ್‌ವೇರ್‌ಗೂ ಹೆಸರು, ಒಂದು ಸಾಲಿನ ವಿವರಣೆ, ಪರದೆಯ ಚಿತ್ರ, ಹುಡುಕುವ ಪದಗಳು, ಎಲ್ಲವನ್ನೂ ಅದರಲ್ಲಿ ಬರೆದಿಡಬಹುದು. ಮತ್ತು ಅದೆಲ್ಲವನ್ನೂ ಬೇರೆ ಭಾಷೆಗಳಲ್ಲೂ ಬರೆಯಬಹುದು. ಕನ್ನಡದಲ್ಲೂ.

ದಯವಿಟ್ಟು ಇದನ್ನು ಗಮನವಿಟ್ಟು ಕೇಳಿ. "ಪಿಡಿಎಫ್ ಜೋಡಿಸು" ಅಂತ ಹೊಡೆದಾಗ ಪಿಡಿಎಫ್ ಅರೇಂಜರ್ ಸಿಗಬೇಕಾದರೆ ದೊಡ್ಡ ಸಂಶೋಧನೆ ಏನೂ ಬೇಕಾಗಿಲ್ಲ. ಯಾರಾದರೂ ಆ ವಿವರಣೆಯನ್ನು, ಹುಡುಕುವ ಪದಗಳನ್ನು ಕನ್ನಡದಲ್ಲಿ ಬರೆದು ಕೊಡಬೇಕು. ಕೆಲಸದ ಹೆಸರು ಬರೆದು ಕೊಡಬೇಕು. ಗುಬ್ಬಿ, ನವಿಲು ಅನ್ನೋ ಕನ್ನಡ ಫಾಂಟ್‌ಗಳನ್ನೇ ನೋಡಿ. "ಕನ್ನಡ" ಅಂತ ಇಂಗ್ಲಿಷ್ ಅಕ್ಷರದಲ್ಲಿ ಹುಡುಕಿದರೆ ಡೆಬಿಯನ್, ಉಬುಂಟು ಸಂಗ್ರಹದಲ್ಲಿ ಅವು ಸಿಗುತ್ತವೆ. ಯಾಕೆ? ಇವು ಕನ್ನಡದ ಫಾಂಟ್ ಅಂತ ಯಾರೋ ವಿವರಣೆಯಲ್ಲಿ ಬರೆದಿಟ್ಟಿದ್ದಾರೆ, ಅದಕ್ಕೆ.

ಬರೆಯಬೇಕು ಅಂದರೆ ಪ್ರೋಗ್ರಾಮಿಂಗ್ ಬರಬೇಕಿಲ್ಲ. ಎಷ್ಟೋ ಸಾಫ್ಟ್‌ವೇರ್‌ಗಳ ಅನುವಾದ ವೆಬ್ಲೇಟ್ ಅನ್ನೋ ತಾಣದಲ್ಲಿ ಬ್ರೌಸರ್‌ನಲ್ಲೇ ನಡೆಯುತ್ತದೆ. ಪ್ಯಾಕೇಜ್ ವಿವರಣೆ ಅನುವಾದಿಸೋದಕ್ಕೇ ಅಂತ ಡೆಬಿಯನ್‌ನಲ್ಲಿ ಬೇರೆ ಯೋಜನೆ ಇದೆ. ಹಾಸನ, ಚಿಕ್ಕಮಗಳೂರಿನ ಡಿಗ್ರಿ ಕಾಲೇಜುಗಳಲ್ಲಿ ಕನ್ನಡ ಚೆನ್ನಾಗಿ ಬಲ್ಲ ಮಕ್ಕಳು ಎಷ್ಟಿಲ್ಲ? ಪ್ರಾಜೆಕ್ಟ್ ವರ್ಕ್ ಅಂತ ಯಾರದ್ದೋ ನಕಲು ಮಾಡಿ ಕೊಡುವ ಬದಲು ಇದನ್ನು ಮಾಡಬಹುದಲ್ಲ. ಅಧ್ಯಾಪಕರು ಮನಸ್ಸು ಮಾಡಬೇಕು. ಬರೆಯುವಾಗ ಪುಸ್ತಕದ ಕನ್ನಡ ಬೇಡ. ಜನ ಟೈಪ್ ಮಾಡುವ ಮಾತು ಬರೆಯಿರಿ: ಜೋಡಿಸು, ಸೇರಿಸು, ಕತ್ತರಿಸು, ಚಿಕ್ಕದು ಮಾಡು.

ಸಮಯ ಆಗುತ್ತಾ ಬಂತು, ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಲಿನಕ್ಸ್ ಮಿಂಟ್‌ನಲ್ಲಿ ಕೆಲವು ಸಾಫ್ಟ್‌ವೇರ್‌ಗಳು ಎರಡು ರೂಪದಲ್ಲಿ ಸಿಗುತ್ತವೆ. ಒಂದು ಆಗ ಹೇಳಿದ ಸಂಗ್ರಹದಿಂದ ಬರುವ ಸಿಸ್ಟಮ್ ಪ್ಯಾಕೇಜ್, ಇನ್ನೊಂದು ಫ್ಲಾಟ್‌ಪ್ಯಾಕ್, ಅಂದರೆ ತನಗೆ ಬೇಕಾದ ಬಿಡಿಭಾಗಗಳನ್ನು ಬೇರೆಯಾಗೇ ತರುವ ರೂಪ. ಫ್ಲಾಟ್‌ಪ್ಯಾಕ್‌ನಲ್ಲಿ ಹೆಚ್ಚಾಗಿ ಹೊಸ ಆವೃತ್ತಿ ಇರುತ್ತದೆ, ಆದರೆ ಮೊದಲ ಸಲ ಡೌನ್‌ಲೋಡ್ ತುಂಬಾ ದೊಡ್ಡದು. ಮಲೆನಾಡಿನ ಸಿಗ್ನಲ್‌ನಲ್ಲಿ ಒದ್ದಾಡುವವರು ಸಿಸ್ಟಮ್ ಪ್ಯಾಕೇಜನ್ನೇ ಆರಿಸಿಕೊಳ್ಳಿ. ಅಪ್‌ಡೇಟ್ ಬಂದಾಗ ಹಾಕಿಕೊಳ್ಳಿ, ಮುಂದೂಡಬೇಡಿ. ಎಲ್ಲೋ ಕಂಡ ಕಮಾಂಡನ್ನು, ಅದರಲ್ಲೂ ಸುಡೋ ಅಂತ ಶುರುವಾಗುವುದನ್ನು, ಅರ್ಥ ಆಗದೆ ಅಂಟಿಸಬೇಡಿ. ಅದು ನಿಮ್ಮ ಇಡೀ ಯಂತ್ರದ ಮೇಲೆ ಅಧಿಕಾರ ಕೇಳುವ ಕಮಾಂಡು.

ಇವತ್ತು ಸಂಜೆ ಲಿನಕ್ಸ್ ಇರುವವರು ಸಾಫ್ಟ್‌ವೇರ್ ಮ್ಯಾನೇಜರ್ ತೆರೆದು ನಿಮ್ಮ ಕೆಲಸವನ್ನೇ ಟೈಪ್ ಮಾಡಿ ನೋಡಿ. ಹೆಸರು ಬೇಡ, ಕೆಲಸ. ಸಿಗಲಿಲ್ಲ ಅಂದರೆ ಯಾವ ಪದಕ್ಕೆ ಸಿಗಲಿಲ್ಲ ಅಂತ ಒಂದು ಚೀಟಿಯಲ್ಲಿ ಬರೆದು ಈ ಬಾನುಲಿ ಕೇಂದ್ರಕ್ಕೆ ಕಳಿಸಿಕೊಡಿ. ಅನುವಾದಕ್ಕೆ ಕೂರುವ ಹುಡುಗರಿಗೆ ಆ ಚೀಟಿಗಳನ್ನೇ ಕೊಡುತ್ತೇನೆ.

ನಮಸ್ಕಾರ.