ಲಂಡನ್ನಿನ ಮೇಯರ್ ಮನೆಯೂ ನಮ್ಮ ಧಾತು ಬರವೂ

ಕೇಳುಗರಿಗೆ ನಮಸ್ಕಾರ.

ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ, ಅಂದರೆ 1876ರಿಂದ 78ರೊಳಗೆ, ಮೈಸೂರು ಸೀಮೆಯೊಂದರಲ್ಲೇ ಸುಮಾರು 10 ಲಕ್ಷ ಜನ ಸತ್ತರು. ಬಳ್ಳಾರಿ ಕಡೆಯ ಗೋಳಂತೂ ಹೇಳತೀರದು. ಆ ಕಾಲದ ದಾಖಲೆಗಳಲ್ಲಿ ಮತ್ತೆ ಮತ್ತೆ ಕಾಣುವ ಹೆಸರು ಮ್ಯಾನ್ಷನ್ ಹೌಸ್ ನಿಧಿ. ಮ್ಯಾನ್ಷನ್ ಹೌಸ್ ಅಂದರೆ ಲಂಡನ್ನಿನ ಲಾರ್ಡ್ ಮೇಯರ್ ನಿವಾಸ. ಇಡೀ ಮಹಾನಗರದ ಜನ ವೋಟು ಹಾಕಿ ಆರಿಸುವ ಮೇಯರ್ ಬೇರೆ, ಇವರು ಬೇರೆ. ಬ್ಯಾಂಕುಗಳು ತುಂಬಿರುವ ಒಂದು ಚದರ ಮೈಲಿಯ ಹಳೇ ಊರಿಗೆ ಇವರು ಯಜಮಾನರು. ಅಧಿಕಾರ ಒಂದು ವರ್ಷ, ಸಂಬಳವಿಲ್ಲ, ಇರಲಿಕ್ಕೆ ಮಾತ್ರ ಅರಮನೆ.

1739ರಲ್ಲಿ, ಹಳೇ ಮಾರುಕಟ್ಟೆಯೊಂದಿದ್ದ ಜಾಗದಲ್ಲಿ ಈ ಮನೆಗೆ ಅಡಿಗಲ್ಲು ಬಿತ್ತು. ಖರ್ಚಿಗೆ ದುಡ್ಡು ಹೊಂದಿಸಿದ ಬಗೆ ಕೇಳಿ. ಶೆರಿಫ್, ಅಂದರೆ ಮೇಯರ್‌ಗೆ ನೆರವಾಗುವ ಊರಿನ ಅಧಿಕಾರಿ, ಆಗಬೇಕಾದರೆ ಇಂಗ್ಲೆಂಡಿನ ರಾಜಚರ್ಚಿನಲ್ಲಿ ಪ್ರಸಾದ ಸ್ವೀಕರಿಸಿರಬೇಕು ಎಂಬ ಕಾನೂನಿತ್ತು. ಬೇರೆ ಪಂಥದ ಕ್ರೈಸ್ತರು ಅದಕ್ಕೆ ಒಪ್ಪುವವರಲ್ಲ. ಗೊತ್ತಿದ್ದೂ ಅಂಥವರನ್ನೇ ಹುಡುಕಿ ಶೆರಿಫ್ ಹುದ್ದೆಗೆ ಹೆಸರಿಸುವುದು, ಒಲ್ಲೆ ಎಂದರೆ 400 ಪೌಂಡಿಗೂ ಮೇಲೆ ದಂಡ ಹಾಕುವುದು! ಆ ಹಣ ಕಟ್ಟಡಕ್ಕೆ. 1767ರಲ್ಲಿ ಇದು ತಪ್ಪೆಂದು ಬ್ರಿಟನ್ ಸಂಸತ್ತಿನ ಮೇಲ್ಮನೆಯಾದ ಪ್ರಭುಗಳ ಸಭೆ ತೀರ್ಪು ಕೊಡುವ ಹೊತ್ತಿಗೆ ಮನೆ ಎದ್ದು, ಮೇಯರ್‌ಗಳು ಸಂಸಾರ ಹೂಡಿ ವರ್ಷಗಳೇ ಕಳೆದಿದ್ದವು. ನನ್ನ ಕೇಳಿದರೆ ಹಗಲುದರೋಡೆ ಅನ್ನುತ್ತೇನೆ.

ಅಂಥ ಮನೆಗೆ 1877ರ ಆಗಸ್ಟ್‌ನಲ್ಲಿ ಬರಕ್ಕೆ ನೆರವು ಕೇಳಿ ಮದರಾಸಿನಿಂದ ತಂತಿ ಬಂತು. ವೈಸ್‌ರಾಯ್ ಲಿಟ್ಟನ್‌ಗೆ ಹೀಗೆ ಊರ ಮುಂದೆ ಕೈಚಾಚುವುದು ಹಿಡಿಸಲಿಲ್ಲ. ಲಾರ್ಡ್ ಮೇಯರ್ ಮಾತ್ರ ನಿಧಿ ತೆರೆದರು, ಲಕ್ಷಗಟ್ಟಲೆ ಪೌಂಡ್ ಕೂಡಿತು. ಗಂಜಿಯಷ್ಟೇ ಅಲ್ಲ, ರೈತರಿಗೆ ಎತ್ತು, ಬಿತ್ತನೆ ಬೀಜ ಕೊಳ್ಳಲೂ ಅದರಲ್ಲಿ ಹಣ ಸಿಕ್ಕಿತು. ಮೈಸೂರಿಗೂ ಪಾಲು ಬಂತು. ಇಷ್ಟಾಗಿಯೂ ಅದೇ ಬರದ ನಡುವೆ ಇಲ್ಲಿನ ಧಾನ್ಯ ಹಡಗು ಹತ್ತುತ್ತಲೇ ಇತ್ತು ಎಂಬುದನ್ನು ಮರೆಯಬಾರದು.

ಮೇಯರ್ ನ್ಯಾಯಾಧೀಶರೂ ಆಗಿದ್ದ ಕಾಲದಲ್ಲಿ ಇದೇ ಮನೆಯೊಳಗೆ ಕೋರ್ಟು, ಕೆಳಗೆ 11 ಲಾಕಪ್ ಕೋಣೆಗಳು: ಗಂಡಸರಿಗೆ ಹತ್ತು, ಹೆಂಗಸರಿಗೆ ಒಂದು. ಈಗ ಕೋರ್ಟಿಲ್ಲ. ‘ಈಜಿಪ್ಟಿನ ಸಭಾಂಗಣ’ದಲ್ಲಿ, ಹೆಸರಿಗಷ್ಟೇ ಈಜಿಪ್ಟು, ಕಂಬಗಳೆಲ್ಲ ರೋಮನ್ ಶೈಲಿ, ಬ್ರಿಟನ್ನಿನ ಹಣಕಾಸು ಸಚಿವರು ವರ್ಷಕ್ಕೊಮ್ಮೆ ಭಾಷಣ ಮಾಡುತ್ತಾರೆ; ಮಾರನೇ ದಿನ ಪತ್ರಿಕೆಗಳಿಗೆ ಅದೇ ಸುದ್ದಿ. ಕಟ್ಟಡ ವ್ಯವಹಾರದ ಶ್ರೀಮಂತ ಹೆರಾಲ್ಡ್ ಸ್ಯಾಮ್ಯುಯೆಲ್ ಬಿಟ್ಟುಹೋದ 84 ಡಚ್, ಫ್ಲೆಮಿಷ್ ಚಿತ್ರಗಳೂ ಗೋಡೆಗಳ ಮೇಲಿವೆ, ಸಾರ್ವಜನಿಕರು ಮಾರ್ಗದರ್ಶಕರ ಜೊತೆ ಹೋಗಿ ನೋಡಬಹುದು. ದಾನಸಂಸ್ಥೆಗಳ ಔತಣ ನಡೆಯುತ್ತಲೇ ಇರುತ್ತವೆ. ನವೆಂಬರ್‌ನಲ್ಲಿ ಹೊಸ ಮೇಯರ್ ಬಂದರೆಂದರೆ ಚಂದಾ ಎತ್ತುವ ಕೆಲಸ ಮತ್ತೆ ಮೊದಲಿನಿಂದ. ನಮಸ್ಕಾರ.