ಮಾಲಿ ಕಾಕಾ ಕಿತ್ತ ಗಿಡ

ಕೇಳುಗರಿಗೆ ನಮಸ್ಕಾರ.

ಮುಂಬಯಿ ಹತ್ತಿರ ಡೊಂಬಿವಲಿಯ ನಮ್ಮ ಮನೆಯಲ್ಲಿ ಗುಂಡ ಅಂತ ಒಂದು ಬೆಕ್ಕಿದೆ. ಹೆಸರಿಗೆ ತಕ್ಕ ಮೈ. ಹೋದ ವರ್ಷ ಮಗಳು ಅವನಿಗಾಗಿ ಆನ್‌ಲೈನ್‌ನಲ್ಲಿ ಒಂದು ಬಟ್ಟೆಯ ಇಲಿ ತರಿಸಿದಳು. "ಒಳಗೆ ಕ್ಯಾಟ್‌ನಿಪ್ ಸೊಪ್ಪು ತುಂಬಿದ್ದಾರಮ್ಮ, ಮೂಸಿದರೆ ಸಾಕು, ಕುಣಿಯುತ್ತಾನೆ ನೋಡು" ಎಂದಳು. ಗುಂಡ ಒಂದು ಸಲ ಮೂಸಿದ. ಆಮೇಲೆ ಇಲಿ ಬಂದಿದ್ದ ರಟ್ಟಿನ ಡಬ್ಬಿಯೊಳಗೆ ಹೋಗಿ ಮಲಗಿಬಿಟ್ಟ. ಇಲಿಯ ಬೆಲೆ ಮಾತ್ರ ಕೇಳಬೇಡಿ.

ಅದೇ ಇಲಿಯನ್ನು ಪಕ್ಕದ ಮನೆಯ ಬೆಕ್ಕಿಗೆ ಕೊಟ್ಟೆವು. ಅದು ಕೆನ್ನೆ ಉಜ್ಜಿತು, ಜೊಲ್ಲು ಸುರಿಸಿತು, ನಾಲ್ಕು ಕಾಲೂ ಮೇಲೆ ಮಾಡಿ ಉರುಳಾಡಿತು. ಹತ್ತು ನಿಮಿಷ ಇದೇ ಆಟ. ಆಮೇಲೆ ಏನೂ ಆಗಿಲ್ಲ ಅನ್ನುವ ಹಾಗೆ ಕೂತು ಮೈ ನೆಕ್ಕಿಕೊಂಡಿತು. ಇಲಿಯನ್ನು ಮತ್ತೆ ಮೂತಿಯ ಹತ್ತಿರ ಹಿಡಿದರೆ ತಿರುಗಿಯೂ ನೋಡಲಿಲ್ಲ.

ಕ್ಯಾಟ್‌ನಿಪ್‌ನ ಸ್ವಭಾವವೇ ಹೀಗೆ. ಗಿಡದ ಶಾಸ್ತ್ರೀಯ ಹೆಸರು ನೆಪೆಟಾ ಕಟಾರಿಯಾ. ತುಳಸಿ, ಪುದೀನ, ದೊಡ್ಡಪತ್ರೆಯ ಬಳಗದ್ದೇ. ತುಳಸಿಯ ಎಳೆ ಕಾಂಡವನ್ನು ಬೆರಳಲ್ಲಿ ಉರುಳಿಸಿ ನೋಡಿ, ದುಂಡಗಿರುವುದಿಲ್ಲ, ಚೌಕ. ಕ್ಯಾಟ್‌ನಿಪ್ ಕಾಂಡವೂ ಹಾಗೇ. ಎಲೆ ಬೂದುಹಸಿರು, ಮೇಲೆ ನವಿರು ರೋಮ. ಹುಳಗಳು ತನ್ನನ್ನು ತಿನ್ನದಿರಲಿ ಎಂದು ಗಿಡ ಮಾಡಿಕೊಂಡಿರುವ ವಾಸನೆಯ ವಸ್ತು ನೆಪೆಟಲ್ಯಾಕ್ಟೋನ್. ಎಲೆ ಜಜ್ಜಿದರೆ ಅದು ಹೊರಗೆ ಬರುತ್ತದೆ. ಬೆಕ್ಕಿನ ಮೇಲೆ ಪರಿಣಾಮ ಆಗುವುದು ಮೂಗಿನಿಂದ, ತಿನ್ನುವುದರಿಂದ ಅಲ್ಲ. ಜಾಸ್ತಿ ತಿಂದರೆ ವಾಂತಿಯೋ ಭೇದಿಯೋ ಆದೀತು, ಅಷ್ಟೇ.

ಎಲ್ಲ ಬೆಕ್ಕುಗಳೂ ಇದಕ್ಕೆ ಸೋಲುವುದಿಲ್ಲ. ಮೂರರಲ್ಲಿ ಎರಡು ಸೋಲುತ್ತವೆ. ಅದು ವಂಶದಿಂದ ಬರುವ ಗುಣ. ತೀರಾ ಮರಿಗಳಿಗೆ ಏನೂ ಆಗುವುದಿಲ್ಲ, ಕೆಲವು ತಿಂಗಳು ತುಂಬಬೇಕು. ದೊಡ್ಡ ಬೆಕ್ಕುಗಳಲ್ಲಿ ಸಿಂಹ, ಜಾಗ್ವಾರ್ ಚೆನ್ನಾಗಿಯೇ ಉರುಳಾಡುತ್ತವೆ, ಹುಲಿ ಅಷ್ಟಾಗಿ ಕೇರ್ ಮಾಡುವುದಿಲ್ಲ. ಬೋರಿವಲಿ ಕಾಡಿನಂಚಿನಲ್ಲಿ ಇರುವವರು ಬಾಲ್ಕನಿಯಲ್ಲಿ ಇದನ್ನು ನೆಟ್ಟರೆ ಚಿರತೆ ಬರುತ್ತದಾ ಎಂದು ಕೇಳಬೇಡಿ. ನಾನು ನೆಟ್ಟು ನೋಡಿಲ್ಲ!

ಇಷ್ಟಾದರೂ ನಮ್ಮ ಗುಂಡ ಸೋಲದವರ ಪೈಕಿ ಎಂದುಕೊಂಡು ಸುಮ್ಮನಾಗಿದ್ದೆ. ಜುಲೈ ತಿಂಗಳು ಬಂತು.

ಮಳೆ ಹಿಡಿದರೆ ನಮ್ಮ ಸೊಸೈಟಿಯ ಕಾಂಪೌಂಡಿನ ತುಂಬ ಕಳೆ. ಒಂದು ಬೆಳಿಗ್ಗೆ ಮಾಲಿ ಕಾಕಾ ಅದನ್ನೆಲ್ಲ ಕಿತ್ತು ಗೇಟಿನ ಹತ್ತಿರ ರಾಶಿ ಹಾಕಿದ್ದರು. ಹಾಲು ತರಲು ಇಳಿದವಳು ನೋಡುತ್ತೇನೆ, ರಾಶಿಯ ಮೇಲೆ ಬಿಲ್ಡಿಂಗಿನ ಮೂರು ಬೆಕ್ಕು. ನಡುವೆ ನಮ್ಮ ಗುಂಡ, ಮಣ್ಣು ಮೆತ್ತಿದ ಒಂದು ಬೇರನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಕಣ್ಣು ಮುಚ್ಚಿದ್ದಾನೆ! ಹೊಟ್ಟೆಯೆಲ್ಲ ಕೆಸರು.

"ಕಾಕಾ, ಯಾವ ಗಿಡ ಇದು?" ಎಂದೆ. "ಖೋಕಲಿ" ಎಂದರು. ಮರಾಠಿಯಲ್ಲಿ ಖೋಕಲಾ ಅಂದರೆ ಕೆಮ್ಮು. ಕೆಮ್ಮಿನ ಮದ್ದಿನ ಗಿಡ. ಮೂರನೇ ಮಹಡಿಯ ಮಲಯಾಳಿ ಚೇಚಿ ಅಲ್ಲೇ ನಿಂತು ನಕ್ಕರು. ಅವರ ಭಾಷೆಯಲ್ಲಿ ಇದಕ್ಕೆ ಪೂಚ್ಚಮಯಕ್ಕಿ ಎಂಬ ಹೆಸರೂ ಇದೆಯಂತೆ. ಪೂಚ್ಚ ಅಂದರೆ ಬೆಕ್ಕು. ಬೆಕ್ಕನ್ನು ಮರುಳು ಮಾಡುವ ಗಿಡ! ನಾನು ಒಂದು ಎಲೆ ಕಿತ್ತು ನೋಡಿದೆ. ಅಂಚಿಗೆ ಗರಗಸದ ಹಲ್ಲು, ಉದ್ದ ತೊಟ್ಟು, ಕಾಂಡದ ಮೇಲೆ ಪುಟ್ಟ ಬಟ್ಟಲಿನಂಥ ಹಸಿರು ಎಲೆಗಳ ಸಾಲು. ಅಯ್ಯೋ, ಇದು ಕುಂದಾಪುರದ ನಮ್ಮ ಅಂಗಳದ ಕುಪ್ಪಿಗಿಡ ಅಲ್ವಾ! ತುರಿಕಜ್ಜಿಗೆ ಉಪ್ಪು ಸೇರಿಸಿ ಅಜ್ಜಿ ಅರೆದು ಹಚ್ಚುತ್ತಿದ್ದದ್ದು ಇದನ್ನೇ. ಅಜ್ಜಿಯ ಬೆಕ್ಕು ಆಗ ಎಲ್ಲಿ ಹೋಗಿತ್ತೋ.

ಕುಪ್ಪಿಗಿಡ ಕ್ಯಾಟ್‌ನಿಪ್‌ನ ನೆಂಟ ಏನೂ ಅಲ್ಲ. ಅದು ಹರಳು ಗಿಡದ ಬಳಗ. ಆದರೆ ಅದರ ಬೇರಿನಲ್ಲಿ ನೆಪೆಟಲ್ಯಾಕ್ಟೋನಿಗೆ ಹತ್ತಿರದ ವಸ್ತುಗಳಿವೆ. ನಿಂತ ಗಿಡದ ಪಕ್ಕ ಬೆಕ್ಕು ಸುಮ್ನೆ ಹಾದು ಹೋಗುತ್ತದೆ. ಕಿತ್ತು ಬೇರು ಹೊರಗೆ ಬಂದರೆ ಮಾತ್ರ ಈ ಹುಚ್ಚು. ಒಂದಕ್ಕೆ ಜಗ್ಗದ ಬೆಕ್ಕು ಇನ್ನೊಂದಕ್ಕೆ ಜಗ್ಗುವುದೂ ಉಂಟು. ಜಪಾನಿನಲ್ಲಿ ಮತತಾಬಿ ಎಂಬ ಬಳ್ಳಿಯಿದೆ. ಕ್ಯಾಟ್‌ನಿಪ್ ಬೇಡ ಎಂದ ಎಷ್ಟೋ ಬೆಕ್ಕುಗಳು ಅದಕ್ಕೆ ಸೋಲುತ್ತವೆ.

ಆ ಬಳ್ಳಿಯ ಮೇಲೆಯೇ ಜಪಾನಿನ ವಿಜ್ಞಾನಿಗಳು ಕೆಲಸ ಮಾಡಿ, 2021ರಲ್ಲಿ ಒಂದು ಸಂಗತಿ ಪ್ರಕಟಿಸಿದರು. ಬೆಕ್ಕು ಹೀಗೆ ಉಜ್ಜಿಕೊಂಡಾಗ ಅದರ ರಕ್ತದಲ್ಲಿ ಎಂಡಾರ್ಫಿನ್ ಏರುತ್ತದೆ, ನೋವು ಮರೆಸಿ ಹಿತ ಕೊಡಲು ಮೈಯೇ ಮಾಡಿಕೊಳ್ಳುವ ವಸ್ತು ಅದು. ಜೊತೆಗೆ ತಲೆಗೂ ಮೂತಿಗೂ ಆ ವಾಸನೆ ಮೆತ್ತಿಕೊಂಡು ಸೊಳ್ಳೆ ಕೂರುವುದು ಕಡಿಮೆ ಆಗುತ್ತದೆ. ಮುಂಬಯಿ ಮಳೆಗಾಲದ ಸಂಜೆ ಕಂಡವರಿಗೆ ಇದರ ಬೆಲೆ ಗೊತ್ತು. ಕ್ಯಾಟ್‌ನಿಪ್ ಎಣ್ಣೆಯಿಂದಲೂ ಸೊಳ್ಳೆ ದೂರ ಹೋಗುತ್ತದೆ, ಆದರೆ ವಾಸನೆ ಬೇಗ ಹಾರಿಹೋಗುತ್ತದೆ.

ಮನುಷ್ಯರಿಗೆ ಕ್ಯಾಟ್‌ನಿಪ್‌ನಿಂದ ಕುಣಿತ ಇಲ್ಲ, ತೂಕಡಿಕೆ. ಯುರೋಪಿನ ಹಳ್ಳಿಗಳಲ್ಲಿ ಹಿಂದಿನಿಂದ ಒಣಗಿದ ಎಲೆಯ ಚಹಾ ಕುಡಿಯುವ ರೂಢಿಯಿದೆ, ನಿದ್ದೆಗೆ, ಹೊಟ್ಟೆ ಉಬ್ಬರಕ್ಕೆ. ಎಲೆಯನ್ನು ಕುದಿಸುವುದಿಲ್ಲ, ಬಿಸಿ ನೀರು ಹೊಯ್ದು ಮುಚ್ಚಿಡುವುದು. ನಾನೂ ಮಾಡಿ ಕುಡಿದೆ. ಪುದೀನಕ್ಕೆ ಸ್ವಲ್ಪ ಹುಲ್ಲು ಬೆರೆಸಿದ ಹಾಗಿತ್ತು. ನನಗೆ ಶುಂಠಿ ಚಹಾವೇ ಸಾಕು. ಬಸುರಿಯರು ಇದರ ತಂಟೆಗೆ ಹೋಗುವುದು ಬೇಡ. ಕುಪ್ಪಿಗಿಡದ ವಿಷಯದಲ್ಲಂತೂ ಜೋಪಾನ. ಜಿ ಸಿಕ್ಸ್ ಪಿ ಡಿ ಎಂಬ ಕಿಣ್ವದ ಕೊರತೆ ಇರುವವರು ಅದನ್ನು ತಿಂದರೆ ರಕ್ತಕಣಗಳು ಒಡೆದು ಆಸ್ಪತ್ರೆ ಸೇರಬೇಕಾದೀತು. ಯಾರೋ ಹೇಳಿದರೆಂದು ಪಲ್ಯ ಮಾಡಬೇಡಿ.

ಕ್ಯಾಟ್‌ನಿಪ್ ಬೆಳೆಸುವ ಆಸೆ ಇರುವವರು ನವೆಂಬರಿನಲ್ಲಿ ಬೀಜ ಹಾಕಿ. ಚಳಿಗೆ ಚೆನ್ನಾಗಿ ಬರುತ್ತದೆ. ಪುಣೆಯವರಿಗೆ ಸುಲಭ, ನಮ್ಮ ಕಡೆ ಮಳೆ ಶುರುವಾದರೆ ಬೇರು ಕೊಳೆಯುತ್ತದೆ. ನನ್ನ ಕುಂಡದ ಗಿಡ ಜೂನ್ ದಾಟಲಿಲ್ಲ.

ಈಗ ಮಾಲಿ ಕಾಕಾ ಕಳೆ ಕೀಳುವಾಗ ನೀರಿನ ಟ್ಯಾಂಕಿನ ಪಕ್ಕ ಎರಡು ಕುಪ್ಪಿಗಿಡ ಹಾಗೇ ಬಿಡುತ್ತಾರೆ. ಯಾಕೆ ಎಂದರೆ, "ಗುಂಡಾಸಾಠಿ" ಎನ್ನುತ್ತಾರೆ, ಗುಂಡನಿಗೋಸ್ಕರ ಅಂತ.

ನಮಸ್ಕಾರ.